ಕರ್ಜಗಿ ಯಾವ ರಾಜ್ಯದಾಗ ಐತಿ?

— ಕಾಕಾ, ನಮ್ಮ ಕರ್ಜಗಿ ಕರ್ನಾಟಕದಾಗ ಐತಿ ಅಂತ ಕಾಯ್ದೆಯೊಳಗ ಎಲ್ಲಿ ಬರದಾರ, ಹೇಳ್ರಿ ನೋಡೂಣು.

— ಸಂವಿಧಾನದಾಗ ಇರಬೇಕವಾ. ಅಲ್ಲಿ ಇಲ್ಲದ ಮತ್ತೆಲ್ಲಿ ಇರ್ತೈತಿ? ಕಾಯ್ದೆ ಓದಾಕ ಧಾರವಾಡಕ್ಕ ಹೋದಾಕಿ ನೀ. ನಾ ಸರಪಳಿ ಹಿಡಿದು ಹೊಲ ಅಳದಾಂವ.

— ಅದಕ್ಕ ನಿಮ್ಮ ಹತ್ರ ಬಂದೀನಿ. ಸಂವಿಧಾನದ ಮೊದಲನೇ ಅನುಸೂಚಿಯೊಳಗ ಒಂದೊಂದು ರಾಜ್ಯದ ಹೆಸರಿನ ಮುಂದ ಅದರ ನೆಲ ಯಾವುದು ಅಂತ ಬರದಾರ. ಕರ್ನಾಟಕದ ಮುಂದ ಊರಿಲ್ಲ, ನದಿ ಇಲ್ಲ, ಗುಡ್ಡ ಇಲ್ಲ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 7ನೇ ಕಲಮಿನ ಮೊದಲನೇ ಉಪಕಲಮಿನ್ಯಾಗ ಹೇಳಿದ ಪ್ರದೇಶ, ಅದರಾಗ 1968ರ ಆಂಧ್ರಪ್ರದೇಶ–ಮೈಸೂರು ಪ್ರದೇಶ ವರ್ಗಾವಣೆ ಕಾಯ್ದೆಯಿಂದ ಆ ಕಡೆ ಹೋದದ್ದನ್ನ ಬಿಟ್ಟು ಉಳಿದದ್ದು. ಅಷ್ಟ.

— ಅಂದ್ರ ಒಂದು ಪುಸ್ತಕ ತಗದ್ರ, ಇನ್ನೊಂದು ಪುಸ್ತಕ ನೋಡು ಅಂತೈತಿ.

— ಹೌದ್ರಿ. ಇನ್ನ ಆ 7ನೇ ಕಲಂ ತಗೀರಿ. ಅದು ಬರೇ ಹೆಸರಿನ ಪಟ್ಟಿ. ಆಗ ಇದ್ದ ಮೈಸೂರು ರಾಜ್ಯದ ನೆಲ ಪೂರಾ. ಮುಂಬಯಿ ರಾಜ್ಯದಿಂದ ಚಂದಗಡ ತಾಲೂಕು ಬಿಟ್ಟು ಬೆಳಗಾವಿ ಜಿಲ್ಲೆ, ಮತ್ತ ವಿಜಾಪುರ, ಧಾರವಾಡ, ಉತ್ತರ ಕನ್ನಡ. ಹೈದರಾಬಾದಿನಿಂದ ಕೊಡಂಗಲ್, ತಾಂಡೂರು ಬಿಟ್ಟು ಕಲಬುರ್ಗಿ. ಅಲಂಪುರ, ಗದ್ವಾಲ ಬಿಟ್ಟು ರಾಯಚೂರು. ಅಹಮದಪುರ, ನಿಲಂಗಾ, ಉದಗೀರ, ಇನ್ನೂ ಕೆಲವು ಭಾಗ ಬಿಟ್ಟು ಬೀದರ. ಮದ್ರಾಸಿನಿಂದ ಕಾಸರಗೋಡು ತಾಲೂಕು, ಅಮೀನದಿವಿ ದ್ವೀಪ ಬಿಟ್ಟು ದಕ್ಷಿಣ ಕನ್ನಡ, ಮತ್ತ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು. ಕಡಿಗೆ ಕೊಡಗು. ಮುಗೀತು.

— ಹಾವೇರಿ ಹೆಸರು ಬರಲೇ ಇಲ್ಲಲ್ಲ.

— ಬರೂದಿಲ್ಲ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ನಮ್ಮ ಕರ್ಜಗಿ, ಎಲ್ಲಾ ‘ಧಾರವಾಡ’ ಅನ್ನೋ ಒಂದು ಹೆಸರಿನ ಹೊಟ್ಟಿಯೊಳಗ ಅದಾವ. ಹಾವೇರಿ ಜಿಲ್ಲೆ ಆದದ್ದು 1997ರ ಆಗಸ್ಟ್ 24ಕ್ಕ. ಕಾಯ್ದೆ ಬಂದಾಗ ಅದು ಇದ್ದಿದ್ದಿಲ್ಲ. ನನಗ ಸಮಾಧಾನ ಆಗ್ಲಿಲ್ಲ ಕಾಕಾ. ಒಂದು ಎಕರೆ ಹೊಲ ಕೊಂಡ್ರೂ ಖರೀದಿ ಪತ್ರದಾಗ ಚಕಬಂದಿ ಬರಸ್ತೀವಿ. ಮೂಡಣಕ್ಕ ಇಂಥವ್ರ ಹೊಲ, ಪಡುವಣಕ್ಕ ಹಳ್ಳ, ಬಡಗಣಕ್ಕ ಬಂಡಿದಾರಿ, ತೆಂಕಣಕ್ಕ ಇಂಥ ಸರ್ವೆ ನಂಬರು ಅಂತ. ಕೋಟಿಗಟ್ಟಲೆ ಮಂದಿ ಇರೋ ರಾಜ್ಯಕ್ಕ ಚಕಬಂದಿ ಇಲ್ಲ ಅಂದ್ರ ಹೆಂಗ?

— ಚಕಬಂದಿ ಐತಿ, ಆದ್ರ ಅದು ದಿಲ್ಲಿಯೊಳಗ ಇಲ್ಲ. ಕಾಯ್ದೆ ಬರದವ್ರು ಶಾಣ್ಯಾರು. ಅವ್ರು ಗೆರೆ ಎಳೀಲಿಲ್ಲ, ಯಾಕಂದ್ರ ಗೆರೆ ಅವ್ರಿಗಿಂತ ನೂರು ವರ್ಷ ಮೊದಲ ನೆಲದ ಮ್ಯಾಲ ಬಿದ್ದಿತ್ತು. ಮುಂಬಯಿ ಇಲಾಖೆಯೊಳಗ ಹತ್ತೊಂಬತ್ತನೇ ಶತಮಾನದಾಗ ಮೋಜಣಿ ಶುರು ಆತು. ಗೋಲ್ಡ್‌ಸ್ಮಿಡ್, ವಿಂಗೇಟ್ ಅಂತ ಇಬ್ರು ಅದಕ್ಕೊಂದು ಪದ್ಧತಿ ಮಾಡಿದ್ರು. 33 ಅಡಿ ಸರಪಳಿ, ಅದಕ್ಕ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ನೆಲಕ್ಕ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಹೊಲ ಹೊಲಕ್ಕೂ ಟಿಪ್ಪಣಿ ಬರದ್ರು, ಮೂಲಿಗೆ ಬಾಂದುಕಲ್ಲು ಹುಗಿದ್ರು, ಊರಿಗೊಂದು ನಕಾಶೆ ಮಾಡಿದ್ರು, ಮೂರೂರಿನ ಗಡಿ ಕೂಡೂ ಜಾಗಾಕ್ಕ ಒಂದು ಕಲ್ಲು ಇಟ್ರು. ಹೊಲ ಕೂಡಿ ಊರು, ಊರು ಕೂಡಿ ತಾಲೂಕು, ತಾಲೂಕು ಕೂಡಿ ಜಿಲ್ಲೆ. ನಿನ್ನ 7ನೇ ಕಲಂ ಜಿಲ್ಲೆಯ ಹೆಸರು ಹೇಳಿದ್ರ, ಅದರ ಕಟ್ಟಕಡಿಯ ಹೊಲದ ಕಟ್ಟಕಡಿಯ ಕಲ್ಲಿಗೆ ಹೋಗಿ ಮುಟ್ತೈತಿ. ರಾಜ್ಯದ ಗಡಿ ಅಂತ ನಾವು ಬೇರೆ ಏನೂ ಅಳದಿಲ್ಲವಾ. ಊರ ಗಡಿನ್ನ ಅಳದೀವಿ. ಯಾವ ಊರಿಗೆ ಆ ಭಾರ ಬೀಳ್ತೈತಿ ಅನ್ನೂದನ್ನ ಪಾರ್ಲಿಮೆಂಟು ಹೇಳ್ತೈತಿ.

— ಅಂದ್ರ ಜಿಲ್ಲೆ, ತಾಲೂಕು ಅನ್ನೂದು ಬದಲಾದ್ರೂ ಊರ ಅಂಚು ಉಳೀತೈತಿ ಅಂತೀರಿ.

— ಕರ್ಜಗಿನ್ನ ನೋಡು. ಬ್ರಿಟಿಷರ ಕಾಲಕ್ಕ ಇದು ತಾಲೂಕಿನ ಹೆಸರು. ಧಾರವಾಡ ಜಿಲ್ಲೆ, ಕರ್ಜಗಿ ತಾಲೂಕು ಅಂತ ಹಳೇ ಕಾಗದದಾಗ ಸಿಗ್ತೈತಿ. ಕಚೇರಿ ಮಾತ್ರ ಹಾವೇರಿಯೊಳಗ. ಆಮ್ಯಾಲ ಹೆಸರೂ ಹಾವೇರಿಗೇ ಹೋತು. ಈಗ ನಮ್ಮೂರು ಹಾವೇರಿ ತಾಲೂಕಿನ ಒಂದು ಹಳ್ಳಿ. ತಾಲೂಕು ಹೋತು, ಜಿಲ್ಲೆ ಬ್ಯಾರೆ ಆತು, ರಾಜ್ಯ ಬ್ಯಾರೆ ಆತು, ಆ ರಾಜ್ಯಕ್ಕ 1973ರ ನವೆಂಬರ್ 1ಕ್ಕ ಕರ್ನಾಟಕ ಅಂತ ಹೆಸರಾತು. ನಮ್ಮೂರ ಶೀಮಿ ಮಾತ್ರ ಎಲ್ಲಿತ್ತೋ ಅಲ್ಲೇ ಐತಿ.

— ತಾಲೂಕು, ಜಿಲ್ಲೆ ಬದಲಿ ಮಾಡಾಕ ರಾಜ್ಯ ಸರಕಾರದ್ದು ಒಂದು ಅಧಿಸೂಚನೆ ಸಾಕ್ರಿ. 1964ರ ಭೂಕಂದಾಯ ಕಾಯ್ದೆಯೊಳಗ ಆ ಅಧಿಕಾರ ಐತಿ. ರಟ್ಟೀಹಳ್ಳಿ ತಾಲೂಕು ಹಂಗ ಆದದ್ದು. ರಾಜ್ಯದ ಅಂಚು ಒಂದು ಮೊಳ ಸರೀಬೇಕಂದ್ರ ಪಾರ್ಲಿಮೆಂಟೇ ಬೇಕು.

— ನಮ್ಮ ಹಿರ್ಯಾರಿಗೆ ಗಡಿ ಅಂದ್ರ ದೂರದ ಮಾತು ಇದ್ದಿದ್ದಿಲ್ಲ. ಇಲ್ಲಿಂದ ಹುಬ್ಬಳ್ಳಿಗೆ ರೈಲಿನ್ಯಾಗ ಕುಂತ್ರ ಏನೇನು ದಾಟ್ತಿದ್ರು ಗೊತ್ತೇನು? ಕರ್ಜಗಿ ಬ್ರಿಟಿಷರದು. ಬಾಜೂಕ ಸವಣೂರು ನವಾಬರದು. ಮುಂದ ಗುಡಗೇರಿ ಮಿರಜದವ್ರದು, ಕುಂದಗೋಳ ಜಮಖಂಡಿಯವ್ರದು. ಆ ಕಡೆ ಲಕ್ಷ್ಮೇಶ್ವರವೂ ಮಿರಜಕ್ಕ, ಶಿರಹಟ್ಟಿ ಸಾಂಗಲಿಗೆ. ಒಂದು ಹೊತ್ತಿನ ಪ್ರಯಾಣದಾಗ ಇಷ್ಟು ಸರಕಾರ. 1948ರ ಮಾರ್ಚ್‌ದಾಗ ಇವೆಲ್ಲಾ ಮುಂಬಯಿ ಪ್ರಾಂತಕ್ಕ ಕೂಡಿದ್ವು.

— ದಕ್ಷಿಣಕ್ಕ ಹೋದ್ರ?

— ದಕ್ಷಿಣಕ್ಕ ರಾಣೇಬೆನ್ನೂರು ದಾಟಿ ಕುಮಾರಪಟ್ಟಣ, ಅಲ್ಲಿಗೆ ಮುಂಬಯಿ ಮುಗೀತು. ನಡುವ ತುಂಗಭದ್ರಾ, ಆ ದಂಡಿಗೆ ಹರಿಹರ, ಅದು ಮೈಸೂರು. ಹರಿಹರದ ಸೇತುವೆ 1956ರ ಅಕ್ಟೋಬರ್ 31ರ ರಾತ್ರಿ ತನಕ ಎರಡು ರಾಜ್ಯದ ನಡುವಿನ ಸೇತುವೆ. ಇನ್ನ ಮೂಡಣಕ್ಕ ಹಾವನೂರು, ಗುತ್ತಲದ ಕಡೆ ಹೊಳಿ ದಾಟಿದ್ರ ಹಡಗಲಿ. ಅದು 1953ರ ತನಕ ಮದ್ರಾಸು. ಮೈಲಾರಲಿಂಗನ ಜಾತ್ರಿಗೆ ನಮ್ಮ ಮಂದಿ ಹರಗೋಲಿನ್ಯಾಗ ಹೊಳಿ ದಾಟಿ ಹೋಗ್ತಿದ್ರು. ಭಾರತ ಹುಣ್ಣಿವಿ ಮುಂದ ಬಂಡಿ ಕಟ್ಟಿಕೊಂಡು ದಂಡಿಗೆ ಇಳೀತಿದ್ರು. ಕಾರಣಿಕ ಕೇಳಾಕ ಅವ್ರು ಮುಂಬಯಿ ರಾಜ್ಯದಿಂದ ಮದ್ರಾಸು ರಾಜ್ಯಕ್ಕ ಹೋದ್ರು ಅಂತ ಯಾವ ಗೊರವಪ್ಪನೂ ಎಣಿಸಿರಲಿಕ್ಕಿಲ್ಲ. ಈ ದಂಡಿಗೆ ದೇವರಗುಡ್ಡದ ಮಾಲತೇಶ, ಆ ದಂಡಿಗೆ ಮೈಲಾರಲಿಂಗ. ದೇವ್ರು ಒಂದ, ಒಕ್ಕಲೂ ಒಂದ. ಮೂರು ರಾಜ್ಯ ಬಂದು ಕೂಡೂ ನಾಡಿದು. ಏಕೀಕರಣ ಅಂದ್ರ ನಮ್ಮ ಕಡೆ ಭಾಷಣ ಅಷ್ಟ ಆಗಿರಲಿಲ್ಲವಾ, ಕಣ್ಣ ಮುಂದಿನ ಹೊಳಿ ಆಗಿತ್ತು. ಇಲ್ಲೇ ಹೊಸರಿತ್ತಿಯ ಗುದ್ಲೆಪ್ಪ ಹಳ್ಳಿಕೇರಿಯವ್ರು ಅದಕ್ಕ ದುಡದ್ರು. 1953ರಾಗ ಅದರಗುಂಚಿ ಶಂಕರಗೌಡ್ರು ಉಪವಾಸ ಕುಂತಾಗ ಹುಬ್ಬಳ್ಳಿ ಹೊತ್ತಿ ಉರೀತು.

— ನನಗ ಅಲ್ಲೇ ಒಂದು ವಿಚಿತ್ರ ಕಂಡೈತಿ. ನವೆಂಬರ್ 1ಕ್ಕ ಗಡಿ ಹೋತು, ಆದ್ರ ಕಾಯ್ದೆ ಬದಲಾಗ್ಲಿಲ್ಲ. ಪುನರ್ವಿಂಗಡಣಾ ಕಾಯ್ದೆಯ 119ನೇ ಕಲಂ ಹೇಳೂದು, ನೆಲ ಯಾವ ರಾಜ್ಯಕ್ಕ ಹೋದ್ರೂ ಅಲ್ಲಿ ಮೊದಲಿದ್ದ ಕಾಯ್ದೆ ಹಂಗ ನಡೀತೈತಿ, ಹೊಸಾದು ಮಾಡೂ ತನಕ. ಹಂಗಾಗಿ ಮೈಸೂರು ರಾಜ್ಯಕ್ಕ ಬಂದ ಮ್ಯಾಲೂ ನಮ್ಮ ಕರ್ಜಗಿ ಹೊಲಗಳಿಗೆ 1879ರ ಮುಂಬಯಿ ಕಂದಾಯ ಕಾಯ್ದೆನ ನಡೀತು, 1964ರ ತನಕ.

— ಅದು ನನಗ ಗೊತ್ತು. ನಾ ನೌಕರಿಗೆ ಸೇರಿದಾಗ ಹಿರೇ ಮಂದಿ ಇನ್ನೂ ಮುಂಬಯಿ ಪದ್ಧತಿ, ಮೈಸೂರು ಪದ್ಧತಿ, ನಿಜಾಮರ ಪದ್ಧತಿ ಅಂತ ಜಗಳಾಡ್ತಿದ್ರು. ನಕಾಶೆ ಓದೂದ್ರಾಗ ಒಂದೊಂದು ಕಡೆ ಒಂದೊಂದು ರೂಢಿ.

— ಈಗ ಕಠಿಣ ಮಾತಿಗೆ ಬರ್ತೀನಿ. ಸಂವಿಧಾನದ 3ನೇ ಅನುಚ್ಛೇದ. ಹೊಸ ರಾಜ್ಯ ಮಾಡೂದು, ಇದ್ದ ರಾಜ್ಯದ ನೆಲ ಹೆಚ್ಚು ಕಮ್ಮಿ ಮಾಡೂದು, ಗಡಿ ಬದಲಿಸೂದು, ಹೆಸರು ಬದಲಿಸೂದು ಎಲ್ಲಾ ಪಾರ್ಲಿಮೆಂಟಿನ ಕೈಯಾಗ. ರಾಷ್ಟ್ರಪತಿಗಳ ಶಿಫಾರಸು ಇದ್ದ ಮಸೂದೆ ಬೇಕು, ಅದನ್ನ ಆ ರಾಜ್ಯದ ವಿಧಾನಮಂಡಲಕ್ಕ ಕಳಿಸಿ ಅಭಿಪ್ರಾಯ ಕೇಳಬೇಕು. ಆದ್ರ ಆ ಅಭಿಪ್ರಾಯಕ್ಕ ಪಾರ್ಲಿಮೆಂಟು ಬದ್ಧ ಅಲ್ಲ. 1955ರ 5ನೇ ತಿದ್ದುಪಡಿ ಬಂದ ಮ್ಯಾಲ ಇಷ್ಟು ದಿನದಾಗ ಹೇಳ್ರಿ ಅಂತ ಗಡುವೂ ಹಾಕಬಹುದು. 4ನೇ ಅನುಚ್ಛೇದದ ಪ್ರಕಾರ ಇದು ಸಂವಿಧಾನ ತಿದ್ದುಪಡಿ ಅಂತ ಲೆಕ್ಕಕ್ಕಿಲ್ಲ, ಸಾದಾ ಬಹುಮತ ಸಾಕು.

— ಮಸೂದೆ ಒಂದು ಕಳಿಸಿ, ಆಮ್ಯಾಲ ಬ್ಯಾರೆದ ಮಾಡಿದ್ರ?

— ಆಗೈತಿ. 1956ರ ಮಸೂದೆ ಮುಂಬಯಿ ರಾಜ್ಯಕ್ಕ ಹೋದಾಗ ಅದರಾಗ ಮಹಾರಾಷ್ಟ್ರ, ಗುಜರಾತ, ಮುಂಬಯಿ ಶಹರ ಮೂರು ಬ್ಯಾರೆ ಬ್ಯಾರೆ ಇದ್ವು. ಪಾರ್ಲಿಮೆಂಟು ಮೂರನ್ನೂ ಕೂಡಿಸಿ ಒಂದು ದೊಡ್ಡ ದ್ವಿಭಾಷಾ ಮುಂಬಯಿ ಮಾಡ್ತು. ಬಾಬುಲಾಲ ಪರಾಟೆ ಅನ್ನೋರು ಕೋರ್ಟಿಗೆ ಹೋದ್ರು. ಮಸೂದೆ ಬದಲಾದಾಗೆಲ್ಲಾ ತಿರುಗಿ ಕೇಳಬೇಕಾಗಿಲ್ಲ ಅಂತ 1959ರಾಗ ಸುಪ್ರೀಂ ಕೋರ್ಟು ಹೇಳ್ತು. ಅದ ದೇಶದ ನೆಲ ಪರದೇಶಕ್ಕ ಕೊಡಬೇಕಂದ್ರ ಸಂವಿಧಾನ ತಿದ್ದುಪಡಿನ್ನ ಬೇಕು. 1960ರ ಬೇರುಬಾರಿ ಪ್ರಕರಣದಾಗ ಅದೂ ಇತ್ಯರ್ಥ ಆಗೈತಿ. 2015ರಾಗ ಬಾಂಗ್ಲಾದೇಶದ ಜೋಡಿ ನೆಲ ಬದಲಿ ಮಾಡಿಕೊಂಡಾಗ 100ನೇ ತಿದ್ದುಪಡಿ ಮಾಡಿದ್ರು. ದೇಶದ ಗಡಿಗೆ ಅಷ್ಟು ಬಿಗಿ, ರಾಜ್ಯದ ಗಡಿಗೆ ಇಷ್ಟು ಸಡಿಲ.

— ತಂಗಿ, ನಾ ಒಂದು ಹೊಲ ಅಳೀಬೇಕಂದ್ರ ಸುತ್ತಲಿನ ಹೊಲದವ್ರಿಗೆ ನೋಟೀಸು ಕೊಡಬೇಕು. ಅವ್ರು ಬಂದು ಬದುವಿನ ಮ್ಯಾಲ ನಿಲ್ಲಬೇಕು, ಪಂಚರು ಇರಬೇಕು, ಪಂಚನಾಮೆ ಆಗಬೇಕು. ಅರ್ಧ ಗುಂಟೆ ಕೂಡು–ಕಳೀ ಬಂದ್ರ ಮ್ಯಾಲಿನವ್ರಿಗೆ ಮೇಲ್ಮನವಿ. ಇಡೀ ಊರನ್ನ ಈ ರಾಜ್ಯದಿಂದ ಆ ರಾಜ್ಯಕ್ಕ ಹಾಕೂ ಮುಂದ ಆ ಊರಿಗೆ ನೋಟೀಸು ಇಲ್ಲೇನು?

— 3ನೇ ಅನುಚ್ಛೇದದಾಗ ಇಲ್ಲ. ವಿಧಾನಮಂಡಲಕ್ಕ ಐತಿ, ಊರಿಗಿಲ್ಲ.

— ಇದು ನನ್ನ ಮನಸ್ಸಿಗೆ ಒಪ್ಪೂದಿಲ್ಲ. ದೇಶ ಗಟ್ಟಿ ಇರಬೇಕಂದ್ರ ಪಾರ್ಲಿಮೆಂಟಿನ ಕೈ ಗಟ್ಟಿ ಇರಬೇಕು, ಅದನ್ನ ನಾ ಒಪ್ತೀನಿ. ರಾಜ್ಯ ಒಪ್ಪಿದ್ರ ಮಾತ್ರ ಗಡಿ ಬದಲು ಅಂತಿದ್ರ ನಮ್ಮ ಏಕೀಕರಣನ ಆಗ್ತಿದ್ದಿಲ್ಲ, ಮುಂಬಯಿ ಸರಕಾರ ಧಾರವಾಡನ್ನ ಸುಮ್ನ ಬಿಟ್ಟುಕೊಡ್ತಿತ್ತೇನು? ಆದ್ರ ಗಡಿ ಬೀಳೂ ಊರಿನವ್ರನ್ನ ಕರದು ಕೇಳೂದಕ್ಕ ಕಾಯ್ದೆಯೊಳಗ ಒಂದು ಮೆಟ್ಟಲಾದ್ರೂ ಇರಬೇಕಿತ್ತು.

— ಊರನ್ನ ಕೇಳಬೇಕು ಅನ್ನೂದು ಮಹಾರಾಷ್ಟ್ರದ ವಾದನೂ ಹೌದಲ್ರಿ? ಗ್ರಾಮ ಘಟಕ, ಒಂದಕ್ಕೊಂದು ಹತ್ತಿದ ನೆಲ, ಭಾಷಿಕರ ಬಹುಮತ, ಜನರ ಇಚ್ಛಾ. ಆಂಧ್ರ–ಮದ್ರಾಸ್ ಗಡಿಗೆ ಪಾಟಸ್ಕರ್ ಅವ್ರು ಊರನ್ನ ಘಟಕ ಮಾಡಿ ಹೇಳಿದ್ರು, 1959ರಾಗ ಅದಕ್ಕ ಕಾಯ್ದೆನೂ ಆತು. ಅದನ್ನ ನಮಗೂ ಹಚ್ಚರಿ ಅಂತ ಅವ್ರು ಕೇಳ್ತಾರ.

— ಕೇಳ್ಲಿ. ಘಟಕ ಯಾವುದು ಅಂತ ಗೊತ್ತು ಮಾಡಿದ್ರ ಅರ್ಧ ತೀರ್ಪು ಅಲ್ಲೇ ಆದಂಗ. ಜಿಲ್ಲೆ ಘಟಕ ಮಾಡಿದ್ರ ಬೆಳಗಾವಿ ಪೂರಾ ಬರ್ತೈತಿ, ತಾಲೂಕು ಮಾಡಿದ್ರ ಚಂದಗಡ ಕಳೀತೈತಿ, ಊರು ಮಾಡಿದ್ರ ಗಡಿ ಹಾವಿನಂಗ ಹರದಾಡ್ತೈತಿ. ಫಜಲ್ ಅಲಿ ಆಯೋಗ 1955ರ ವರದಿಯೊಳಗ ಹೆಚ್ಚಾಗಿ ಜಿಲ್ಲೆನ್ನ ಹಿಡೀತು. ಆಡಳಿತ ಮುರೀಬಾರದು, ಪ್ಯಾಟಿಗೂ ಅದರ ಸುತ್ತಿನ ಹಳ್ಳಿಗೂ ಇರೋ ಸಂಬಂಧ ಹರೀಬಾರದು ಅಂತ. ಊರೊಂದ ನೋಡಿ ಗೆರೆ ಎಳದ್ರ ಸಂತಿ ಒಂದು ರಾಜ್ಯದಾಗ, ಸಂತಿಗೆ ಬರೋ ಹಳ್ಳಿ ಇನ್ನೊಂದು ರಾಜ್ಯದಾಗ ಆಗ್ತಾವ. ಬ್ಯಾಡಗಿ ಮೆಣಸಿನಕಾಯಿ ಪ್ಯಾಟಿಗೆ ಬರೂ ರೈತರೆಲ್ಲಾ ಒಂದ ತಾಲೂಕಿನವ್ರೇನು? ಅದಕ್ಕ ನಾ ಅನ್ನೂದು, ಊರನ್ನ ಕೇಳೂದು ಬ್ಯಾರೆ, ಊರನ್ನ ಘಟಕ ಮಾಡೂದು ಬ್ಯಾರೆ.

— ಆಯೋಗದ ಮಾತನ್ನೂ ಪಾರ್ಲಿಮೆಂಟು ಪೂರಾ ಒಪ್ಪಲಿಲ್ಲ. ತುಂಗಭದ್ರಾ ಯೋಜನೆ ಸಲುವಾಗಿ ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕು ಆಂಧ್ರಕ್ಕ ಕೊಡ್ರಿ ಅಂತ ಆಯೋಗ ಬರದಿತ್ತು. ಜನ ಎದ್ರು, ಅವು ಮೈಸೂರಿನ್ಯಾಗ ಉಳದ್ವು.

— ಹಂಗ ಜನ ಎದ್ರ ಮಾತ್ರ ಕೇಳಿಸ್ತೈತಿ ಅನ್ನೂದಾದ್ರ, ಏಳಾಕ ಆಗದ ಸಣ್ಣ ಊರಿನ ಗತಿ ಏನು? ಮಹಾಜನ ವರದಿ ಕಥಿ ಹೇಳು ನೋಡೂಣು. ನೀ ಓದೀ.

— 1966ರ ಅಕ್ಟೋಬರಿನ್ಯಾಗ ನೇಮಕ ಆತು, ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನರ ಆಯೋಗ. ಮಹಾರಾಷ್ಟ್ರದ ಒತ್ತಾಯದ ಮ್ಯಾಲ ಆದದ್ದು. 1967ರ ಆಗಸ್ಟ್‌ದಾಗ ವರದಿ. ಬೆಳಗಾವಿ ನಮ್ಮಲ್ಲೇ ಇರಲಿ. ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಊರು ಮಹಾರಾಷ್ಟ್ರಕ್ಕ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತದ ಕಡೆಯ 247 ಊರು ನಮಗ. ಕೇರಳದಿಂದ ಕಾಸರಗೋಡಿನ ಚಂದ್ರಗಿರಿ ಹೊಳಿಯ ಉತ್ತರದ ಭಾಗ ನಮಗ. ಮಹಾರಾಷ್ಟ್ರ ಒಪ್ಪಲಿಲ್ಲ, ಕೇರಳಾನೂ ಒಪ್ಪಲಿಲ್ಲ. ವರದಿ ವರದಿಯಾಗೇ ಕುಂತೈತಿ. 2004ರಾಗ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ದಾವಾ ಹಾಕಿ 865 ಊರು ಕೇಳೈತಿ. ರಾಜ್ಯ–ರಾಜ್ಯದ ನಡುವಿನ ವ್ಯಾಜ್ಯ, 131ನೇ ಅನುಚ್ಛೇದ ಅಂತ ಅವ್ರು. ಗಡಿ ಬದಲಿಸೂದು 3ನೇ ಅನುಚ್ಛೇದ, ಪಾರ್ಲಿಮೆಂಟಿನ ಹಕ್ಕು, ಕೋರ್ಟಿನ ಕೆಲಸ ಅಲ್ಲ ಅಂತ ನಾವು. ನನ್ನ ಮಟ್ಟಿಗೆ ನಮ್ಮ ವಾದ ಸರಿ. ಇದ್ದ ಗಡಿ ಎಲ್ಲೈತಿ ಅಂತ ಕೋರ್ಟು ಹೇಳಬಹುದು. ಎಲ್ಲಿ ಇರಬೇಕು ಅಂತ ಹೇಳಾಕ ಅದರ ಕೈಯಾಗ ಅಳತೀಗೋಲು ಇಲ್ಲ.

— ಅದು ಚಲೋ ಮಾತು. ಆದ್ರ ಮಹಾಜನ ವರದಿನ ಅಂತಿಮ ಅಂತ ವೇದಿಕಿ ಮ್ಯಾಲ ನಿಂತು ಹೇಳೋವ್ರು, ಹಂಗಾದ್ರ ನಿಪ್ಪಾಣಿ, ಖಾನಾಪುರದ ಕಡೆಯ ಆ 264 ಊರು ಬಿಟ್ಟುಕೊಡಬೇಕು ಅನ್ನೂದನ್ನೂ ಅದ ದನಿಯೊಳಗ ಹೇಳಬೇಕವಾ. ಅಲ್ಲಿ ಕನ್ನಡದವ್ರು ಇಲ್ಲೇನು? ಪೂರಾ ಒಪ್ಪೂದಂದ್ರ ಪೂರಾ ಒಪ್ಪೂದು.

— ನಾ ಒಪ್ತೀನಿ ಕಾಕಾ. ಐವತ್ತು ವರ್ಷ ಮ್ಯಾಲಾತು. ಜಗಳ ಮುಗೀಲಿ ಅಂತ ನನ್ನ ವಾದ.

— ನೀ ಒಪ್ಪೂದು ಸುಲಭ. ನೀ ಕರ್ಜಗಿಯಾಕಿ. ನಿಪ್ಪಾಣಿಯಾಕಿ ಆಗಿದ್ರ?

— ...ಆಗ ಕಷ್ಟ ಆಗ್ತಿತ್ತು. ಅದನ್ನ ಇಲ್ಲಾ ಅನ್ನೂದಿಲ್ಲ.

— ಈಗ ಕಲ್ಲಿನ ಮಾತಿಗೆ ಬಾ. ಬಳ್ಳಾರಿ ಅಂದಿಯಲ್ಲ. 1953ರ ಅಕ್ಟೋಬರ್ 1ಕ್ಕ ಮದ್ರಾಸಿನ ಬಳ್ಳಾರಿ ಜಿಲ್ಲೆ ಒಡೀತು. ಆಲೂರು, ಆದವಾನಿ, ರಾಯದುರ್ಗ ತಾಲೂಕು ಹೊಸ ಆಂಧ್ರ ರಾಜ್ಯಕ್ಕ, ಉಳಿದವು ಮೈಸೂರಿಗೆ. ಅಂದ್ರ ರಾಯದುರ್ಗದ ಕಡೆಯ ಗಡಿ ಮೊದಲು ರಾಜ್ಯದ ಗಡಿ ಅಲ್ಲ, ಒಂದ ಜಿಲ್ಲೆಯೊಳಗಿನ ತಾಲೂಕಿನ ಗೆರೆ, ಊರಿನ ಗೆರೆ, ಕಾಡಿನ ಗೆರೆ. ಗುಡ್ಡದ ಮ್ಯಾಲ ಕಲ್ಲು ಗುಂಪಿ ಹಾಕಿ, ನೆತ್ತಿ ನೆತ್ತಿ ಹಿಡಿದು ಹಳೇ ಕಾಲದವ್ರು ಗುರುತು ಮಾಡಿದ್ದು. ದನ ಮೇಯಿಸೋವ್ರು, ಉರವಲ ತರೋವ್ರು ಬಿಟ್ರ ಆ ಗುಡ್ಡದ ಮ್ಯಾಲ ಗಡಿ ಯಾರಿಗೂ ಬೇಕಾಗಿದ್ದಿಲ್ಲ. ಆ ಮ್ಯಾಲ ಅದಿರಿಗೆ ಬೆಲಿ ಬಂತು.

— ಓಬಳಾಪುರ.

— ಹೌದು, ಈ ಕಡೆ ಸಂಡೂರು ತಾಲೂಕಿನ ತುಮಟಿ, ವಿಠಲಾಪುರ, ಆ ಕಡೆ ಓಬಳಾಪುರ. ಗಣಿ ತೋಡಿದಂಗ ಗಡಿಕಲ್ಲು ಹೋದ್ವು. ಗುಡ್ಡದ ನೆತ್ತಿ ಮ್ಯಾಲ ಸುಗ್ಗಲಮ್ಮನ ಗುಡಿ ಇತ್ತು, ಗಡಿಗೆ ಅದು ದೊಡ್ಡ ಗುರುತು. 2006ರಾಗ ಅದನ್ನ ಸಿಡಿಮದ್ದು ಹಾಕಿ ಕೆಡವಿದ್ರು. ಗುಡಿ ಹೋತು, ಗುಡಿ ಕೆಳಗಿನ ಗುಡ್ಡಾನೂ ಹೋತು. ನಾ ಜೀವಮಾನದಾಗ ಎಷ್ಟೋ ಬಾಂದುಕಲ್ಲು ಕಿತ್ತಿದ್ದು ನೋಡೀನಿ. ರಾತ್ರಿ ರಂಟಿ ಹೊಡಿಯೂ ಮುಂದ ಮೊಳ ಸರಿಸಿದ್ದು ನೋಡೀನಿ. ಕಲ್ಲು ಕಿತ್ರ ಟಿಪ್ಪಣಿ ಹಿಡಿದು ತಿರುಗಿ ಹಾಕಬಹುದು. ಕಲ್ಲು ನಿಂತ ನೆಲಾನೇ ಲಾರಿ ತುಂಬಿ ಬಂದರಕ್ಕ ಹೋದ್ರ ಯಾವ ಟಿಪ್ಪಣಿ ಹಿಡೀತಿ? ಗೆರೆ ಎಳದದ್ದು ಆ ಗುಡ್ಡದ ನೆತ್ತಿ ಹಿಡಿದು, ನೆತ್ತಿನ್ನ ಇಲ್ಲ. ಲೋಕಾಯುಕ್ತ ವರದಿ ಆತು, ಸುಪ್ರೀಂ ಕೋರ್ಟು ಆತು, ಕೇಂದ್ರ ಉನ್ನತಾಧಿಕಾರ ಸಮಿತಿ ಆತು, ಕಡಿಗೆ ಸರ್ವೆ ಆಫ್ ಇಂಡಿಯಾದವ್ರು ಬ್ರಿಟಿಷರ ಕಾಲದ ನಕಾಶೆ ತಗೊಂಡು ಗಡಿ ಹುಡುಕಬೇಕಾತು. ನಿನ್ನ ಅನುಸೂಚಿಯೊಳಗ ಒಂದು ಅಕ್ಷರಾನೂ ಬದಲಾಗಿದ್ದಿಲ್ಲ. ಕಾಯ್ದೆ ಇದ್ದಂಗ ಇತ್ತು, ರಾಜ್ಯದ ಗಡಿ ಕಾಣದಂಗ ಆಗಿತ್ತು.

— ಈಶಾನ್ಯದಾಗ ಅಸ್ಸಾಂ–ಮಿಜೋರಾಂ ಜಗಳಾನೂ ಇಂಥಾದ್ದ. 1875ರ ಅಧಿಸೂಚನೆ ಹಿಡೀಬೇಕು ಅಂತ ಮಿಜೋರಾಂ, 1933ರದ್ದು ಅಂತ ಅಸ್ಸಾಂ. 2021ರ ಜುಲೈದಾಗ ಗುಂಡು ಹಾರಿ ಪೊಲೀಸರ ಜೀವಾನ ಹೋದ್ವು.

— ಒಂದ ದೇಶದ ಪೊಲೀಸರು. ಹಳೇ ಗೆರೆ ಯಾವುದು ಅನ್ನೂದಕ್ಕ.

— ಹೊಳಿ ಗಡಿ ಆದ್ರ ವಾಸಿ ಅಂತಾರ ಕೆಲವ್ರು. ಕಣ್ಣಿಗೆ ಕಾಣ್ತೈತಿ, ಕೀಳಾಕ ಬರೂದಿಲ್ಲ.

— ಹೊಳಿ ತಾನ ಸರೀತೈತಲ್ಲ! ತುಂಗಭದ್ರಾ ಒಂದು ಮಳಿಗಾಲಕ್ಕ ಈ ದಂಡಿ ಕಡೀತೈತಿ, ಆ ದಂಡಿಗೆ ಉಸುಕು ಹಾಕ್ತೈತಿ. ಇದು ಈಗ ಜಿಲ್ಲೆಯ ಗಡಿ ಅಷ್ಟ, ಹಂಗಾಗಿ ಬಚಾವ್. ರಾಜ್ಯದ ಗಡಿನ ಆಗಿ ಉಳಿದಿದ್ರ ಉಸುಕಿನ ಒಂದೊಂದು ಗುಡ್ಡಿಗೂ ದಿಲ್ಲಿ ತನಕ ಹೋಗ್ತಿದ್ವಿ.

— ಬಿಹಾರ–ಉತ್ತರ ಪ್ರದೇಶದಾಗ ಅದ ಆತು. ಗಂಗಾ, ಘಾಘ್ರಾ ಹೊಳಿಯ ಆಳದ ಹರಿವು ಗಡಿ ಅಂತಿತ್ತು. ಹೊಳಿ ಸರದಂಗೆಲ್ಲಾ ಊರು ಈ ರಾಜ್ಯಕ್ಕೊಮ್ಮೆ, ಆ ರಾಜ್ಯಕ್ಕೊಮ್ಮೆ. 1968ರಾಗ ಪಾರ್ಲಿಮೆಂಟು ಕಾಯ್ದೆ ಮಾಡಿ, ಹೊಳಿ ಎತ್ತಾಗಾರ ಹರೀಲಿ, ಗಡಿ ಇಲ್ಲೇ ಅಂತ ಕದಲದ ಗೆರೆ ಹಾಕ್ತು. ಯಮುನಾ ಹೊಳಿಗೆ ಹರಿಯಾಣ–ಉತ್ತರ ಪ್ರದೇಶದ ನಡುವ 1979ರಾಗ ಹಂಗ ಮಾಡಿದ್ರು. ನಾ ಅದನ್ನ ಹಿಡಕೊಂಡು ಬರೀಬೇಕಂತ ಮಾಡೀನಿ. ಅನುಸೂಚಿಯೊಳಗ ಬರೇ ಹೆಸರು ಸಾಲದು. ಗಡಿ ಊರುಗಳ ಸರ್ವೆ ನಂಬರು, ಒಂದೊಂದು ಕಲ್ಲಿನ ಅಕ್ಷಾಂಶ ರೇಖಾಂಶ ಎಲ್ಲಾ ಕಾಯ್ದೆಗೆ ಅಂಟಿಸಬೇಕು. ಈಗ ಉಪಗ್ರಹ ಅದಾವ, ಡ್ರೋನ್ ಅದಾವ. ಕಲ್ಲು ಕಿತ್ರೂ ಅಂಕಿ ಉಳೀತೈತಿ.

— ಅಂಟಿಸು. ನಾ ಬ್ಯಾಡ ಅನ್ನೂದಿಲ್ಲ. ಆದ್ರ ಒಂದು ತಿಳಕೋ. ಉಪಗ್ರಹದ ಯಂತ್ರ ನೀ ಇಟ್ಟ ಕಲ್ಲು ಎಲ್ಲೈತಿ ಅಂತ ಬೆರಳಿನ ಅಗಲಕ್ಕ ಹೇಳ್ತೈತಿ. ಆ ಕಲ್ಲು ಅಲ್ಲೇ ಇರಬೇಕಿತ್ತೋ ಇಲ್ಲೋ ಅಂತ ಹೇಳೂದಿಲ್ಲ. ಅದನ್ನ ಹೇಳೂದು ಟಿಪ್ಪಣಿ ಪುಸ್ತಕ, ಊರ ನಕಾಶೆ, ಆಕಾರಬಂದ್, ಮತ್ತ ಆ ಬದುವಿನ ಮ್ಯಾಲ ಮೂರು ತಲಿ ನಡದಾಡಿದ ಮಂದಿ. ತಪ್ಪು ಕಲ್ಲಿಗೆ ಸರಿ ಅಂಕಿ ಬರದ್ರ ತಪ್ಪು ಖಾಯಂ ಆಗ್ತೈತಿ. ಮೊದಲು ಎರಡೂ ರಾಜ್ಯದ ಹಳೇ ನಕಾಶೆ ಕೂಡಿಸಿ ನೋಡ್ರಿ, ಎರಡೂ ಕಡೆ ಊರಿನವ್ರನ್ನ ಕರದು ನಿಲ್ಲಸ್ರಿ, ಆಮ್ಯಾಲ ಯಂತ್ರ ಇಡ್ರಿ. ಆ ಹಳೇ ಟಿಪ್ಪಣಿಗಳ ಸ್ಥಿತಿ ನೋಡಿದ್ರ ಕಣ್ಣಾಗ ನೀರು ಬರ್ತಾವ; ಮುಟ್ಟಿದ್ರ ಪುಡಿ ಆಗೂವಂಥ ಕಾಗದ ಅದಾವ. ಗಡಿ ಊರಿನ ದಾಖಲೆ ಎಲ್ಲಕ್ಕಿಂತ ಮೊದಲು ಕಾಪಾಡಬೇಕು. ಭೂಕಂದಾಯ ಕಾಯ್ದೆ ಪ್ರಕಾರ ಹೊಲದ ಬಾಂದುಕಲ್ಲು ಜ್ವಾಪಾನ ಮಾಡೂದು ಹೊಲದವನ ಜವಾಬ್ದಾರಿ. ರಾಜ್ಯದ ಗಡಿಕಲ್ಲಿಗೆ ಅಂಥ ಒಬ್ಬ ಹೊಣಿಗಾರನ್ನ, ಊರಿನ್ಯಾಗ ಇರೂವಂಥವನ್ನ, ಕಾಯ್ದೆಯೊಳಗ ಹೆಸರು ಹಿಡಿದು ಹೇಳಬೇಕು. ಇದನ್ನ ಬರಿ.

— ಬರೀತೀನಿ. ಆದ್ರ ಊರಿನವ್ರನ್ನ ಕೇಳಿದ್ರ ಒಂದು ತೊಡಕೈತಿ ಕಾಕಾ. ನೂರು ಮನಿಯೊಳಗ ಅರವತ್ತು ಒಂದು ಭಾಷಾ, ನಲವತ್ತು ಇನ್ನೊಂದು ಅಂದ್ರ ಬಹುಮತ ಗೆಲ್ತೈತಿ. ಆ ನಲವತ್ತು ಮನಿಗೆ ಗಡಿ ಎಲ್ಲಿ ಹಾಕಿದ್ರೂ ಸೋಲನ. ಎಷ್ಟ ಚಂದ ಅಳದ್ರೂ ಆ ಮಂದಿ ಉಳೀತಾರ.

— ಉಳದ ಉಳೀತಾರ. ಅವ್ರಿಗೆ ಏನೈತಿ ಕಾಯ್ದೆಯೊಳಗ?

— ಐತಿ. ಮತ್ತ ಅದು ಅದ ದಿನದ್ದು. 1956ರ ನವೆಂಬರ್ 1ಕ್ಕ ಪುನರ್ವಿಂಗಡಣೆ ಜೋಡಿಗೆ ಸಂವಿಧಾನದ 7ನೇ ತಿದ್ದುಪಡಿನೂ ಜಾರಿಗೆ ಬಂತು. ಅದರಾಗ 350ಎ, 350ಬಿ ಅಂತ ಎರಡು ಅನುಚ್ಛೇದ ಕೂಡಿಸಿದ್ರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಾಲಿಯೊಳಗ ತಾಯಿನುಡಿಯೊಳಗ ಕಲಿಸೂ ಅನುಕೂಲ ಎಲ್ಲಾ ರಾಜ್ಯ ಮಾಡಬೇಕು. ಅದನ್ನ ನೋಡಿಕೊಳ್ಳಾಕ ಒಬ್ಬ ವಿಶೇಷ ಅಧಿಕಾರಿ ಇರಬೇಕು, ಅವ್ರು ರಾಷ್ಟ್ರಪತಿಗಳಿಗೆ ವರದಿ ಕೊಡಬೇಕು. ಗೆರೆ ಎಳದವ್ರಿಗೆ ಗೊತ್ತಿತ್ತು, ಹೆಂಗ ಎಳದ್ರೂ ಕೆಲವ್ರು ಆ ಕಡೆ ಉಳೀತಾರ ಅಂತ.

— ಅಂದ್ರ ಅದೂ ಗಡಿ ಕಾಯ್ದೆದ ಒಂದು ಭಾಗ ಆತಲ್ಲವಾ! ಅದನ್ನ ಯಾಕ ಯಾರೂ ಗಡಿ ಜಗಳದಾಗ ಮಾತಾಡೂದಿಲ್ಲ? ಬಸ್ಸಿಗೆ ಮಸಿ ಬಳಿಯೂವಾಗ, ಬೋರ್ಡು ಒಡಿಯೂವಾಗ 7ನೇ ಕಲಮಿನ ಹೆಸರು ಹೇಳ್ತಾರ. ಜತ್ತದಾಗ ಕನ್ನಡ ಶಾಲಿಗೆ ಮಾಸ್ತರ್ರು ಅದಾರೋ ಇಲ್ಲೋ, ಮಂಜೇಶ್ವರದಾಗ ಕನ್ನಡ ಮಕ್ಕಳಿಗೆ ಕನ್ನಡ ಬರೂ ಮಾಸ್ತರ್ರನ್ನ ಕೊಟ್ಟಾರೋ ಇಲ್ಲೋ, ಖಾನಾಪುರದಾಗ ಮರಾಠಿ ಶಾಲಿಗೆ ಪುಸ್ತಕ ಹೊತ್ತಿಗೆ ಸರಿಯಾಗಿ ಮುಟ್ತಾವೋ ಇಲ್ಲೋ, ಇದನ್ನ ಕೇಳೋವ್ರು ಯಾರು?

— ನಮ್ಮ ಸರಕಾರ ಜತ್ತದ ಕನ್ನಡ ಶಾಲಿ ಬಗ್ಗೆ ಕೇಳಬೇಕು.

— ಕೇಳಬೇಕು. ಕೇಳಾಕ ಬಾಯಿ ಇರಬೇಕಂದ್ರ ಖಾನಾಪುರದ ಮರಾಠಿ ಶಾಲಿ ಚಲೋ ನಡಸಿರಬೇಕು. ನೀ ಪುಸ್ತಕ ನೋಡಿ ಬರದದ್ದು ಸಾಕಷ್ಟಾತು. ಮೊದಲು ಖಾನಾಪುರಕ್ಕ ಹೋಗು, ಆಮ್ಯಾಲ ಜತ್ತಕ್ಕ. ಎರಡೂ ಕಡೆ ಹಾಜರಿ ಪುಸ್ತಕ ನೋಡು, ಎಷ್ಟು ಹುಡುಗ್ರು ಅದಾರ, ಎಷ್ಟು ಮಾಸ್ತರ್ರ ಜಾಗಾ ಖಾಲಿ ಅದಾವ ಬರಕೋ. ಸಾತಬಾರಾ, ಉತಾರ ಯಾವ ಭಾಷಾದಾಗ ಕೊಡ್ತಾರ ಕೇಳು. ದವಾಖಾನಿ ಚೀಟಿ ನೋಡು.

— ಅದನ್ನ 3ನೇ ಅನುಚ್ಛೇದದ ಅಧ್ಯಾಯಕ್ಕ ಹಚ್ಚಲೇನ್ರಿ, ಬ್ಯಾರೆ ಅಧ್ಯಾಯ ಮಾಡಲೇನ್ರಿ?

— ಅದಕ್ಕ ಹಚ್ಚು. ಬ್ಯಾರೆ ಮಾಡಿದ್ರ ಓದೋವ್ರು ಅದೊಂದನ್ನ ಬಿಟ್ಟು ಓದ್ತಾರ.